ಕಾರ್ಪೆಟ್ ಜೀರುಂಡೆ ಪತ್ತೆ: ಕಿಟಕಿಯೋ, ಅಂಟುಬಲೆಯೋ, ಟಾರ್ಚೋ?

ಕಂಬಳಿಯಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ತೂತು ಕಂಡರೆ ನುಸಿ ಎಂದು ಗುಳಿಗೆ ಇಟ್ಟು ಸುಮ್ಮನಾಗಬೇಡಿ. ಕಾರ್ಪೆಟ್ ಜೀರುಂಡೆಯ ಮರಿಹುಳುವೂ ಹೀಗೇ ತಿನ್ನುತ್ತದೆ. ಪತ್ತೆಗೆ ಮೂರು ದಾರಿಗಳನ್ನೂ ಬಳಸಿ ನೋಡಿದ್ದೇವೆ.

ಕಿಟಕಿ ದಂಡೆ ನೋಡುವುದಕ್ಕೆ ಖರ್ಚಿಲ್ಲ. ಬೆಳೆದ ಜೀರುಂಡೆ ಬೆಳಕಿನತ್ತ ಹಾರಿ ಅಲ್ಲೇ ಸತ್ತು ಬೀಳುತ್ತದೆ. 2–3 ಮಿ.ಮೀ. ಉದ್ದ, ಮೊಟ್ಟೆಯಾಕಾರ, ಬೆನ್ನ ಮೇಲೆ ಕಪ್ಪು, ಬಿಳಿ, ಹಳದಿಗಂದು ಮಚ್ಚೆ. ಆದರೆ ಅದು ಹೂವಿನ ಪರಾಗ ತಿನ್ನುವ ಹುಳು, ಹೊರಗಿನಿಂದಲೂ ಬಂದಿರಬಹುದು. ಒಂದೆರಡು ಸಿಕ್ಕ ಮಾತ್ರಕ್ಕೆ ಮನೆಯಲ್ಲಿ ಸಂಸಾರ ಹೂಡಿದೆ ಎನ್ನಲಾಗದು.

ಅಂಟುಬಲೆ ಯಾವ ಕೋಣೆ ಎಂದು ಹೇಳುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಬಟ್ಟೆ ಪತಂಗಕ್ಕೆಂದು ಮಾರುವ ವಾಸನೆಯ ಬಲೆ ಇಲ್ಲಿ ದಂಡ, ಅದಕ್ಕೆ ಬೀಳುವುದು ಗಂಡು ಪತಂಗ ಮಾತ್ರ. ವಾಸನೆಯಿಲ್ಲದ ಸಾದಾ ಬಲೆಯನ್ನು ಬೀರುವಿನ ಅಡಿ, ಗೋಡೆಗೆ ತಾಗಿಸಿ ಇಡಿ. ಬಾಯಿ ಕಿರಿದಾಗುವಂತೆ ಮಡಚದಿದ್ದರೆ ಪಾಪ, ಹಲ್ಲಿ ಸಿಕ್ಕಿಕೊಳ್ಳುತ್ತದೆ. ಧೂಳು ಕೂತರೆ ಅಂಟು ಹೋಗುತ್ತದೆ. ಸತ್ತ ಕೀಟಗಳು ತುಂಬಿದ ಹಳೆಯ ಬಲೆ ಮರಿಹುಳುಗಳಿಗೇ ಊಟ.

ನಮ್ಮ ಆಯ್ಕೆ ಟಾರ್ಚ್. ನೆಲಕ್ಕೆ ತಾಗಿದಂತೆ ಓರೆಯಾಗಿ ಬೆಳಕು ಬಿಡಿ, ಮರಿಹುಳುವಿನ ಮೈಕೂದಲಿನ ನೆರಳು ಎದ್ದು ಕಾಣುತ್ತದೆ. ಸ್ಕರ್ಟಿಂಗ್ ಸಂದಿ, ಬೀರುವಿನಲ್ಲಿ ಹಾಸಿದ ಪೇಪರಿನ ಅಡಿ, ಡ್ರಾಯರ್ ಹಿಂಬದಿಯನ್ನು ಹಳೇ ಎಟಿಎಂ ಕಾರ್ಡಿನಿಂದ ಕೆರೆದು, ಬಿದ್ದದ್ದನ್ನು ಸೆಲ್ಲೋಟೇಪಿನಲ್ಲಿ ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಆ ಕೂದಲಿನಿಂದ ಕೆಲವರಿಗೆ ತುರಿಕೆಯ ಗುಳ್ಳೆ ಏಳುತ್ತದೆ. ಅದನ್ನೇ ತಿಗಣೆ ಕಡಿತವೆಂದು ತಿಳಿದು ಹಾಸಿಗೆಗೆಲ್ಲ ಔಷಧಿ ಹೊಡೆಸುವವರಿದ್ದಾರೆ.

10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. 4–5 ಮಿ.ಮೀ. ಉದ್ದ, ಮೈತುಂಬ ಕೂದಲು, ಕಂದು ಪಟ್ಟೆ, ಹಿಂಭಾಗ ಅಗಲವಾಗಿದ್ದರೆ ಮಚ್ಚೆ ಜೀರುಂಡೆಯ ಮರಿ. ಕ್ಯಾರೆಟ್ಟಿನಂತೆ ಹಿಂದಕ್ಕೆ ಸಪೂರವಾಗಿ, ಬಾಲದಲ್ಲಿ ಉದ್ದ ಕೂದಲ ಕುಚ್ಚಿದ್ದರೆ ಕಪ್ಪು ಜಾತಿಯದು. ಕೆನೆಬಣ್ಣದ ನುಣುಪು ಮೈ, ಕಂದು ತಲೆ, ಸುತ್ತ ಜೇಡರ ಬಲೆಯಂಥ ನೂಲು ಕಂಡರೆ ಅದು ಬಟ್ಟೆ ಪತಂಗದ ಮರಿ. ಗೋಡೆಗೆ ನೇತಾಡುವ, ಕುಂಬಳಬೀಜದಂಥ ಬೂದುಬಣ್ಣದ ಚಪ್ಪಟೆ ಗೂಡೂ ಪತಂಗದ್ದೇ.

ಸಿಕ್ಕಿದ್ದು ಟೊಳ್ಳಾಗಿ, ಒತ್ತಿದರೆ ಪುಡಿಯಾದರೆ ಕಳಚಿದ ಪೊರೆ. ಅದು ಹಳೆಯದಿರಬಹುದು. ಜಾಗ ವ್ಯಾಕ್ಯೂಮ್ ಮಾಡಿ, ಹದಿನೈದು ದಿನ ಬಿಟ್ಟು ಮತ್ತೆ ಕೆರೆಯಿರಿ. ಹೊಸ ಪೊರೆ ಸಿಕ್ಕರೆ ಹುಳು ಇನ್ನೂ ಅಲ್ಲೇ ಇದೆ.