ಹಳೇ ಗೇಮಿಂಗ್ ಪಿಸಿಗೆ ರೈಜೆನ್ 5600, ಆರ್‌ಎಕ್ಸ್ 6600: ಮಲೆನಾಡಿನ ಎರಡು ಮಳೆಗಾಲ ಓಡಿಸಿದ ಮೇಲೆ

ನಿಮ್ಮ ಹತ್ತಿರ 2017 ಅಥವಾ 2018ರಲ್ಲಿ ಕೊಂಡ ಎಎಂ4 ಬೋರ್ಡ್ (ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಕೂರುವ ಮದರ್‌ಬೋರ್ಡ್) ಇದ್ದರೆ ಇಡೀ ಸಿಸ್ಟಮ್ ಬದಲಿಸುವ ಯೋಚನೆ ಬಿಡಿ. ಪ್ರೊಸೆಸರ್ (ರೈಜೆನ್ 5600) ಮತ್ತು ಗ್ರಾಫಿಕ್ಸ್ ಕಾರ್ಡ್ (ಆರ್‌ಎಕ್ಸ್ 6600) ಬದಲಿಸಿ. ಉಳಿಯುವ ದುಡ್ಡಲ್ಲಿ ಸ್ವಲ್ಪವನ್ನು ಕರೆಂಟಿನ ವ್ಯವಸ್ಥೆಗೆ ಹಾಕಿ. ನಾನು 2024ರ ಬೇಸಿಗೆಯಲ್ಲಿ ಮಾಡಿದ್ದು ಇಷ್ಟೇ. ಎರಡು ಮಳೆಗಾಲ ಕಳೆದರೂ ಪಿಸಿ ಚೆನ್ನಾಗಿ ಓಡುತ್ತಿದೆ. ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಮಧ್ಯೆ. ಯೂಟ್ಯೂಬಿನಲ್ಲಿ ಇದೇ ಕಾರ್ಡಿಗೆ ಬೇಕಾದಷ್ಟು ವಿಮರ್ಶೆ ಸಿಗುತ್ತದೆ. ಆದರೆ ತೇವದ ಬಗ್ಗೆ, ಲೋ ವೋಲ್ಟೇಜ್ ಬಗ್ಗೆ ಅಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಕಡೆ ತಲೆನೋವು ಇರುವುದೇ ಅಲ್ಲಿ.

ಹಳೇ ಸಿಸ್ಟಮ್ ಹೀಗಿತ್ತು: ರೈಜೆನ್ 5 1600, ಬಿ350 ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ, 1 ಟಿಬಿ ಹಾರ್ಡ್ ಡಿಸ್ಕ್. ಜಿಟಿಎ 5 ಆಡುವವನಿಗೆ ಅದು ಧಾರಾಳವಾಗಿ ಸಾಕಿತ್ತು. ಹೊಸ ಗೇಮ್‌ಗಳು ಬಂದ ಮೇಲೆ ಸುಸ್ತಾಯಿತು. ಎಲ್ಲಾ ಲೋಗೆ ಇಟ್ಟರೂ ತಡವರಿಸುತ್ತಿತ್ತು. ವ್ಯಾಲರೆಂಟ್‌ನಂಥ ಹಗುರ ಗೇಮಿನಲ್ಲೂ ನಾಲ್ಕು ಜನ ಒಟ್ಟಿಗೆ ನುಗ್ಗಿದರೆ ಪರದೆ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ವಿಚಾರಿಸಿದೆ. "ತುಂಬಾ ಹಳೇದು ಸರ್, ಫುಲ್ ಸೆಟ್ ಚೇಂಜ್ ಮಾಡ್ಬಿಡಿ" ಎಂದು ಎಪ್ಪತ್ತು ಸಾವಿರದ ಕೊಟೇಶನ್ ಕೈಗೆ ಕೊಟ್ಟರು. ನನ್ನ ಬೋರ್ಡ್ ಯಾವುದು ಎಂದು ಕೇಳಲೂ ಇಲ್ಲ.

ಕೇಳಿದ್ದರೆ ಲೆಕ್ಕವೇ ಬೇರೆ ಆಗುತ್ತಿತ್ತು. 2022ರಲ್ಲಿ ಎಎಂಡಿ ತನ್ನ 300 ಸರಣಿಯ ಹಳೇ ಬೋರ್ಡ್‌ಗಳಿಗೂ ರೈಜೆನ್ 5000 ಪ್ರೊಸೆಸರ್ ಹಾಕಲು ದಾರಿ ಬಿಟ್ಟುಕೊಟ್ಟಿತು. ನನ್ನ ಬಿ350 ಅವುಗಳಲ್ಲೊಂದು. ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಸಾಕು. ಅಂದರೆ ಮೊದಲ ತಲೆಮಾರಿನ 1600 ತೆಗೆದು ಅದೇ ಜಾಗದಲ್ಲಿ 5600 ಕೂರಿಸಬಹುದು. ಎರಡಕ್ಕೂ 6 ಕೋರ್, 12 ಥ್ರೆಡ್, 65 ವ್ಯಾಟ್. ಕಾಗದದ ಮೇಲೆ ಒಂದೇ ಥರ ಕಾಣುತ್ತವೆ. ಆದರೆ 1600 ಮೇಲೇರುವುದು 3.6 ಗಿಗಾಹರ್ಟ್ಸ್‌ವರೆಗೆ, 5600 ಏರುವುದು 4.4ರವರೆಗೆ. ಒಂದೊಂದು ಕೋರ್ ಮಾಡುವ ಕೆಲಸವೂ ಜಾಸ್ತಿ. ತಡವರಿಕೆ ನಿಂತಿದ್ದು ಇದರಿಂದಲೇ. ಕಾರ್ಡ್ ಬರುವ ಮೊದಲು ಕೆಲವು ದಿನ ಬರೀ ಪ್ರೊಸೆಸರ್ ಬದಲಿಸಿ ಆಡಿದ್ದೆ, ಹಾಗಾಗಿ ಗ್ಯಾರಂಟಿಯಾಗಿ ಹೇಳಬಲ್ಲೆ.

ಪ್ರೊಸೆಸರಿಗೆ ಹನ್ನೊಂದು ಸಾವಿರದ ಮೇಲೆ ಸ್ವಲ್ಪ, ಕಾರ್ಡಿಗೆ ಇಪ್ಪತ್ತೊಂದು ಸಾವಿರದ ಹತ್ತಿರ, ಪಿಸಿಗೆ ಕರೆಂಟ್ ಕೊಡುವ 550 ವ್ಯಾಟಿನ ಎಸ್‌ಎಂಪಿಎಸ್‌ಗೆ ನಾಲ್ಕು ಸಾವಿರ ಆಯಿತು. ಇನ್ನೊಂದು 8 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ ಸೇರಿ ಒಟ್ಟು ನಲವತ್ತೈದು ಸಾವಿರದ ಒಳಗೆ ಮುಗಿಯಿತು. ಕ್ಯಾಬಿನೆಟ್, ಬೋರ್ಡ್, ಮಾನಿಟರ್, ಹಳೇ ಹಾರ್ಡ್ ಡಿಸ್ಕ್ ಎಲ್ಲಾ ಹಾಗೇ ಉಳಿದವು. ಗೆಳೆಯನೊಬ್ಬ ಬಿಲ್ ನೋಡಿ "ಎಂಥ ಮಾರಾಯ, ಇಷ್ಟು ದುಡ್ಡಿಗೆ ಲ್ಯಾಪ್‌ಟಾಪೇ ಬರ್ತಿತ್ತಲ್ಲ" ಎಂದ. ಬರುತ್ತಿತ್ತು ನಿಜ. ಈ ಕಾರ್ಡಿನಷ್ಟು ಓಡುವ ಲ್ಯಾಪ್‌ಟಾಪ್ ಆ ದುಡ್ಡಿಗೆ ಬರುತ್ತಿರಲಿಲ್ಲ.

ಮನೆಯಲ್ಲೇ ಬಿಚ್ಚಿ ಹಾಕುವವರು ಎರಡು ಕಡೆ ಹುಷಾರಾಗಿರಿ. ಒಂದು, ಬಯಾಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ಅದು ನಡೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಮೋಡ ಇಲ್ಲದ ಬೆಳಗ್ಗೆ ನೋಡಿಕೊಂಡು, ಯುಪಿಎಸ್ ಮೇಲೆ ಇಟ್ಟು ಮಾಡಿ. ಕೆಲವು ಬೋರ್ಡ್‌ಗಳಲ್ಲಿ ನೇರ ಕೊನೆಯ ಆವೃತ್ತಿಗೆ ಹಾರಲು ಆಗುವುದಿಲ್ಲ, ನಡುವಿನದೊಂದನ್ನು ಮೊದಲು ಹಾಕಬೇಕು. ಬೋರ್ಡ್ ಕಂಪನಿಯ ಪುಟದಲ್ಲಿ ಬರೆದಿರುತ್ತದೆ, ಓದಿ. ಇನ್ನೊಂದು, ಹಳೇ ಕೂಲರ್ ಕೀಳುವ ರೀತಿ. ಎಎಂ4 ಪ್ರೊಸೆಸರಿನ ಅಡಿಯಲ್ಲಿ ಸಣ್ಣ ಪಿನ್‌ಗಳಿವೆ. ಮೇಲೆ, ಕೂಲರಿಗೂ ಅದಕ್ಕೂ ನಡುವೆ, ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಅಂಟು ಹಿಡಿದಿರುತ್ತದೆ. ಜೋರಾಗಿ ಎಳೆದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಸಾಕೆಟ್ಟಿಂದ ಕಿತ್ತು ಬರುತ್ತದೆ, ಪಿನ್ ಬಗ್ಗುತ್ತವೆ. ಮೊದಲು ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಅತ್ತಿತ್ತ ಮೆಲ್ಲಗೆ ತಿರುಗಿಸಿ ಎತ್ತಿ.

ಈಗ ಕಾರ್ಡಿನ ವಿಷಯ. ಆರ್‌ಎಕ್ಸ್ 6600 ಬಂದಿದ್ದು 2021ರ ಅಕ್ಟೋಬರಿನಲ್ಲಿ. 8 ಜಿಬಿ ಮೆಮೊರಿ, 132 ವ್ಯಾಟ್. ಇದು 1080ಪಿ ಮಾನಿಟರಿಗೆ ಹೇಳಿ ಮಾಡಿಸಿದ ಕಾರ್ಡ್. 4ಕೆ ಆಸೆ ಇದ್ದವರು ಬೇರೆ ನೋಡಿ. ರೆಡ್ ಡೆಡ್ 2 ಹೈ ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 60 ಫ್ರೇಮಿನ ಮೇಲೆ ನಿಲ್ಲುತ್ತದೆ. ಸೈಬರ್‌ಪಂಕ್ ಮೀಡಿಯಂ, ಹೈ ಬೆರೆಸಿ ಇಟ್ಟರೆ 60ರ ಆಸುಪಾಸು. ಫೋರ್ಜಾ ಹೊರೈಜನ್ 5 ನನ್ನ 75 ಹರ್ಟ್ಸ್ ಮಾನಿಟರಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕಿ ತೋರಿಸುವ ಆಯ್ಕೆ) ಆನ್ ಮಾಡಿದರೆ ಮಾತ್ರ ಏದುಸಿರು ಬಿಡುತ್ತದೆ. ಆ ಆಯ್ಕೆ ಇಲ್ಲವೆಂದೇ ಅಂದುಕೊಂಡು ಕಾರ್ಡ್ ಕೊಳ್ಳಿ. ಇನ್ನೊಂದು ಸಣ್ಣ ವಿಷಯ: ಈ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್‌ನ (ಕಾರ್ಡ್ ಮತ್ತು ಬೋರ್ಡ್ ನಡುವೆ ಡೇಟಾ ಓಡುವ ದಾರಿ) 8 ಲೇನ್ ಮಾತ್ರ ಬಳಸುತ್ತದೆ, ನನ್ನ ಬೋರ್ಡ್ ಇರುವುದು ಹಳೇ 3.0 ವೇಗದಲ್ಲಿ. ಇದರಿಂದ ಸ್ವಲ್ಪ ಫ್ರೇಮ್ ಕಡಿಮೆ ಆಗುತ್ತದೆ ಅನ್ನುವುದು ಗೊತ್ತಿದ್ದೇ ಕೊಂಡೆ. ಆಡುವಾಗ ನನ್ನ ಕಣ್ಣಿಗೆ ಏನೂ ಗೊತ್ತಾಗಿಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಯಾಕೆ ಬೇಡ ಅಂದೆ ಎಂದು ಬಹಳ ಜನ ಕೇಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಮೈನಿಂಗ್ (ಗ್ರಾಫಿಕ್ಸ್ ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು) ನಿಂತ ಮೇಲೆ ಆರ್‌ಎಕ್ಸ್ 580 ರಾಶಿ ರಾಶಿ ಮಾರ್ಕೆಟ್ಟಿಗೆ ಬಂದವು, ಅಗ್ಗದಲ್ಲಿ. ಆದರೆ ಅದು 185 ವ್ಯಾಟ್ ಕುಡಿಯುವ ಕಾರ್ಡ್. ಜೊತೆಗೆ '580 2048ಎಸ್‌ಪಿ' ಅಂತ ಒಂದು ಸಿಗುತ್ತದೆ. ಹೆಸರು 580, ಒಳಗೆ ಇರುವುದು 570. ಜಿಟಿಎಕ್ಸ್ 1660 ಸೂಪರ್ ಒಳ್ಳೆ ಕಾರ್ಡೇ, ಆದರೆ ಅದರಲ್ಲಿ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ. ಅದು ಕಡ್ಡಾಯವಾಗಿ ಬೇಕು ಅನ್ನುವ ಗೇಮ್‌ಗಳು ಈಗ ಬರುತ್ತಿವೆ. 2025ರ ಡೂಮ್ ದಿ ಡಾರ್ಕ್ ಏಜಸ್ ಎಎಂಡಿ ಕಡೆಯಿಂದ ಕೇಳುವ ಕನಿಷ್ಠ ಕಾರ್ಡೇ ಆರ್‌ಎಕ್ಸ್ 6600. ಬಾಗಿಲ ಹೊಸ್ತಿಲಲ್ಲಾದರೂ ನಿಂತಿದ್ದೇನಲ್ಲ!

ಕರೆಂಟ್ ವಿಷಯಕ್ಕೆ ಬರೋಣ. ಮೊದಲು ಇದ್ದದ್ದು 600 ವಿಎ ಯುಪಿಎಸ್. ವಿಎ ಅಂದರೆ ವ್ಯಾಟ್ ಅಲ್ಲ, ಅದು ಕೊಡುವುದು 360 ವ್ಯಾಟ್. ಹಳೇ ಕಾರ್ಡಿಗೆ ಇದು ಸಾಕಾಗುತ್ತಿತ್ತು, ಯಾಕೆಂದರೆ 1050 ಟಿಐ ಬಳಸುವುದೇ 75 ವ್ಯಾಟ್. ಹೊಸ ಸಾಮಾನು ಕೂತ ಮೇಲೆ ಆಡುವಾಗ ಮಾನಿಟರ್ ಸೇರಿ 250ರ ಮೇಲೆ ಎಳೆಯುತ್ತದೆ. ಲೆಕ್ಕದಲ್ಲಿ ಸಾಕು. ಆದರೂ ಕರೆಂಟ್ ಹೋದ ಕೂಡಲೇ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಬ್ಯಾಟರಿ ಹಳತಾಗಿದ್ದು ಒಂದು ಕಾರಣ. ಹೊಸ ಬ್ಯಾಟರಿ ಹಾಕಿದರೂ ಅದು ಪೂರ್ತಿ ನಿಲ್ಲಲಿಲ್ಲ. ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕರೆಂಟ್ ಎಳೆಯುವ ರೀತಿ ಸರಿಪಡಿಸುವ ಸರ್ಕ್ಯೂಟ್, ಅಂದರೆ ಆ್ಯಕ್ಟಿವ್ ಪಿಎಫ್‌ಸಿ ಇರುತ್ತದೆ. ಅಗ್ಗದ ಯುಪಿಎಸ್ ಕೊಡುವ ಚೌಕಾಕಾರದ ಅಲೆಗೂ ಇದಕ್ಕೂ ಕೆಲವೊಮ್ಮೆ ಆಗಿಬರುವುದಿಲ್ಲ. ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಎಸ್‌ಎಂಪಿಎಸ್ ಕೈಬಿಡುತ್ತದೆ.

ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದು) ಮೊದಲೇ ಇತ್ತು. ಮಲೆನಾಡಿನ ಮನೆ ಅಂದ ಮೇಲೆ ಇರಲೇಬೇಕಲ್ಲ. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ: ನಾರ್ಮಲ್, ಯುಪಿಎಸ್. ಹೆಚ್ಚಿನ ಮನೆಗಳಲ್ಲಿ ಅದು ನಾರ್ಮಲ್‌ನಲ್ಲೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಯುಪಿಎಸ್ ಕಡೆ ಹಾಕಿದರೆ ಬ್ಯಾಟರಿಗೆ ಬೇಗ ಬದಲಾಗುತ್ತದೆ, ಪಿಸಿ ಅಲ್ಲಾಡುವುದಿಲ್ಲ. ಪಿಸಿಯನ್ನು ನೇರವಾಗಿ ಅದಕ್ಕೇ ಕೊಟ್ಟೆ. ರೀಸ್ಟಾರ್ಟ್ ನಿಂತಿತು. ಆದರೆ ಇದಕ್ಕೂ ಒಂದು ಬೆಲೆ ಇದೆ. ಯುಪಿಎಸ್ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಇನ್ವರ್ಟರ್ ಕರೆಂಟ್ ಇದ್ದರೂ ಬ್ಯಾಟರಿಗೆ ಹೋಗುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಊರಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮಲ್ಲಿ ವೋಲ್ಟೇಜ್ ಅಷ್ಟಕ್ಕೇ ಇಳಿಯುತ್ತದೆ. ಆ ಹೊತ್ತಲ್ಲಿ ಗೇಮ್ ಬೇಡ, ಬ್ಯಾಟರಿ ಖಾಲಿ ಆದರೆ ರಾತ್ರಿ ಫ್ಯಾನೂ ಇಲ್ಲ, ಅಮ್ಮನ ಬೈಗುಳ ಬೇರೆ. ಕಾರ್ಡಿನ ಜೊತೆ ಬರುವ ಎಎಂಡಿಯ ರೇಡಿಯನ್ ಸಾಫ್ಟ್‌ವೇರಿನಲ್ಲಿ ಚಿಲ್ ಎಂಬ ಆಯ್ಕೆ ಇದೆ. ಅದರಲ್ಲಿ ಫ್ರೇಮನ್ನು 75ಕ್ಕೆ ಕಟ್ಟಿ ಹಾಕಿದ್ದೇನೆ. ಹಗುರ ಗೇಮ್‌ಗಳಲ್ಲಿ ಕಾರ್ಡ್ ಎಳೆಯುವ ಕರೆಂಟ್ ಎಷ್ಟೋ ಇಳಿಯುತ್ತದೆ, ಫ್ಯಾನ್ ಸದ್ದೂ ಕಡಿಮೆ.

ಗುಡುಗು ಬಂದರೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್ ಎಳೆಯಲ್ಲಿ ಸಿಡಿಲು ಬರುವುದಿಲ್ಲ ನಿಜ, ಆದರೆ ರೂಟರಿನ ಅಡಾಪ್ಟರಿಗೆ ಬಡಿದರೆ ಅಲ್ಲಿಂದ ಲ್ಯಾನ್ ತಂತಿ ಹಿಡಿದು ಬೋರ್ಡಿಗೇ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಾನು ವೈಫೈ ಡಾಂಗಲ್ಲಿಗೆ ಬದಲಾಗುತ್ತೇನೆ. ವ್ಯಾಲರೆಂಟಿನಲ್ಲಿ ಪಿಂಗ್ ಸ್ವಲ್ಪ ಜಾಸ್ತಿ ಆಗುತ್ತದೆ, ಆಗಲಿ.

ತೇವದ ಕತೆ ಬೇರೆ. ಜುಲೈನಲ್ಲಿ ನಮ್ಮ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಕ್ಯಾಬಿನೆಟ್ ನೆಲದ ಮೇಲೆ ಇಡಲೇಬೇಡಿ, ಮೇಜಿನ ಮೇಲೆ ಇಡಿ. ಧೂಳು ಬರುತ್ತದೆ ಎಂದು ಬಟ್ಟೆ ಹೊದಿಸುವವರಿದ್ದಾರೆ. ಮಳೆಗಾಲದಲ್ಲಿ ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ನನಗೆ ಗೊತ್ತಿರುವ ಒಳ್ಳೆ ಔಷಧ ಅಂದರೆ ದಿನಾ ಅರ್ಧ ಗಂಟೆಯಾದರೂ ಪಿಸಿ ಓಡಿಸುವುದು. ಒಳಗಿನ ಬಿಸಿಯೇ ಅದನ್ನು ಒಣಗಿಸುತ್ತದೆ. ಮೊದಲ ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದೆ ಇದ್ದಾಗ ಒಮ್ಮೆ ಡಿಸ್ಪ್ಲೇನೇ ಬರಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಪರದೆ ಕಪ್ಪು. ರ‍್ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ಪುಡಿ ಕೊಡವಿ ಹಾಕಿದೆ. ಬಂತು. ರಿಪೇರಿಯವರು ಮಾಡುವುದೂ ಇದನ್ನೇ. ಮುಂದಿನ ಗಾಳಿ ಕಿಂಡಿಗೆ ಸೊಳ್ಳೆ ಜಾಲರಿ ಅಂಟಿಸಿದ್ದೇನೆ. ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆ ಹುಳಗಳು ಆರ್‌ಜಿಬಿ ಫ್ಯಾನಿಗೆ ಮುತ್ತುತ್ತವಲ್ಲ, ಅದಕ್ಕೆ. ಬಣ್ಣದ ದೀಪ ಆರಿಸಿದರೆ ಇನ್ನೂ ಒಳ್ಳೆಯದು.

ದೂರುಗಳೂ ಇವೆ. ಕಾರ್ಡಿನ ಒಂದು ಫ್ಯಾನ್ ಎರಡನೇ ಮಳೆಗಾಲದಲ್ಲಿ ಗರಗರ ಎನ್ನಲು ಶುರುಮಾಡಿತು. ವಾರಂಟಿ ಇತ್ತು. ಆದರೆ ಸರ್ವಿಸ್ ಸೆಂಟರ್ ಇರುವುದು ಬೆಂಗಳೂರಲ್ಲಿ. ಕೊರಿಯರ್ ಮಾಡಿ, ಫೋನ್ ಮಾಡಿ, ಕಾದು ಸಾಕಾಯಿತು. ಈ 5600 ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕಾರ್ಡ್ ವಾಪಸ್ ಬರುವ ತನಕ ಇಡೀ ಪಿಸಿಯೇ ಸುಮ್ನೆ ಕೂತಿತ್ತು. ಹಳೇ ಕಾರ್ಡನ್ನು ಮಾರಬೇಡಿ ಎಂದು ಹೇಳುವುದು ಇದಕ್ಕೇ. ಸಿಗುವ ಮೂರ್ನಾಲ್ಕು ಸಾವಿರಕ್ಕಿಂತ ಇಂಥ ಹೊತ್ತಿಗೆ ಅದು ಮನೆಯಲ್ಲಿರುವುದು ಮೇಲು. ಡ್ರೈವರ್ ವಿಷಯದಲ್ಲೂ ಒಂದು ಕಣ್ಣಿಡಿ. 2025ರ ಕೊನೆಗೆ ಎಎಂಡಿ ಆರ್‌ಎಕ್ಸ್ 5000, 6000 ಸರಣಿಗಳನ್ನು ಡ್ರೈವರಿನ ಬೇರೆ ಶಾಖೆಗೆ ಸರಿಸಿತು. ಜನ ಗಲಾಟೆ ಮಾಡಿದ ಮೇಲೆ ಹೊಸ ಗೇಮ್‌ಗಳ ಬೆಂಬಲ ನಿಲ್ಲಿಸುವುದಿಲ್ಲ ಎಂದು ಹೇಳಿತು. ಸದ್ಯಕ್ಕೆ ನನಗೆ ತೊಂದರೆ ಆಗಿಲ್ಲ.

ಪ್ರೊಸೆಸರ್ ಬದಲಿಸಿದ್ದರಿಂದ ಇನ್ನೊಂದು ಲಾಭವೂ ಆಯಿತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಪಟ್ಟಿಯಲ್ಲಿ ರೈಜೆನ್ 1600 ಇಲ್ಲ, 5600 ಇದೆ. ಬಯಾಸಿನಲ್ಲಿ ಎಫ್‌ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಆಯ್ಕೆ ಆನ್ ಮಾಡಿದೆ, ಅಪ್‌ಗ್ರೇಡ್ ಆಯಿತು. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಆಡಲೂ ಇವೆರಡು ಬೇಕೇ ಬೇಕು.

ಇಂಟೆಲ್ 4ನೇ ತಲೆಮಾರಿನ ಐ5 ಇಟ್ಟುಕೊಂಡವರು ಈ ದಾರಿ ಹಿಡಿಯಬೇಡಿ. ಆ ಬೋರ್ಡಿಗೆ ಡಿಡಿಆರ್3 ರ‍್ಯಾಮ್, ಪ್ರೊಸೆಸರಿಗೂ ಮುಂದೆ ದಾರಿ ಇಲ್ಲ. ಒಂದು ಸಾಟಾ ಎಸ್‌ಎಸ್‌ಡಿ ಹಾಕಿ ಹಳೇ ಗೇಮ್ ಆಡಿ, ದುಡ್ಡು ಕೂಡಿಡಿ. ಎಎಂ4 ಇದ್ದವರು ರ‍್ಯಾಮ್ ಬೆಲೆ ನೋಡಿಕೊಂಡು ಇಳಿಯಿರಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಬೆಲೆ ವಿಪರೀತ ಏರಿದೆ. ನಾನು ಎರಡು ಸಾವಿರದ ಒಳಗೆ ತಂದ 8 ಜಿಬಿ ಈಗ ಆ ಬೆಲೆಗೆ ಸಿಗುವುದಿಲ್ಲ. ನಿಮ್ಮಲ್ಲಿ ಆಗಲೇ 16 ಜಿಬಿ ಇದ್ದರೆ ಅದನ್ನು ಮುಟ್ಟದೆ ಪ್ರೊಸೆಸರ್, ಕಾರ್ಡ್ ಎರಡನ್ನೇ ತನ್ನಿ.