ಡಿಟಿಪಿ ಅಂಗಡಿಗೆ ಬೇಕಾದ ಪುಕ್ಕಟೆ ಸಾಫ್ಟ್‌ವೇರ್: ಯಾವುದು ಸೈ, ಯಾವುದು ಆಫ್

ಹಾಸನದ ಡಿಟಿಪಿ ಅಂಗಡಿಗಳ ಹಳೇ ಕಂಪ್ಯೂಟರಿಗೂ ಭಾರವಾಗದ, ಕಡತ ಹುಡುಕಿಕೊಡುವ ತಂತ್ರಾಂಶವೆಂದರೆ ‘ಎವೆರಿಥಿಂಗ್’. ಹೆಸರಿನ ತುಣುಕು ಹೊಡೆದರೆ ಕಡತ ತಕ್ಷಣ ಸಿಗುತ್ತದೆ. ಕಡತದೊಳಗಿನ ಬರಹವನ್ನು ಅದು ತಾನಾಗಿ ಹುಡುಕುವುದಿಲ್ಲ, ಹಾಗಾಗಿ ಹೆಸರಲ್ಲೇ ಊರು, ತಾರೀಕು ಇರಲಿ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಕಾಪಿ ಮಾಡಿದ 25 ತುಣುಕುಗಳು ಬರುತ್ತವೆ. ಪಿನ್ ಮಾಡದವು ರೀಸ್ಟಾರ್ಟ್ ಆದರೆ ಮಾಯ.

ಇನ್ನು ಕಾಗುಣಿತ ತಿದ್ದುವ ವಿಚಾರ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಆಸ್ಕಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿರುತ್ತಾರೆ, ಹಾಗಾಗಿ ಆ ಬರಹ ಕಾಗುಣಿತ ಪರೀಕ್ಷಕಕ್ಕೆ ಬರೀ ಇಂಗ್ಲಿಷ್ ಅಕ್ಷರ. ಮೊದಲು ಕನ್ನಡಕ್ಕೆ ಅದರದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವತ್ತು (‘ಸೂರ್ಯ’ದಲ್ಲಿನ ಅರ್ಧ ರ್) ನೋಡಿ. ಯೂನಿಕೋಡಿನಲ್ಲಿ ವ್ಯಂಜನದ ಮೊದಲು ಬರುವ ಅದು ಆಸ್ಕಿಯಲ್ಲಿ ನಂತರ ಕೂರುವುದರಿಂದ ಎಡವಟ್ಟು ಅಲ್ಲೇ ಹೆಚ್ಚು. ನಡುವಿನ ಇಂಗ್ಲಿಷ್ ಪದಗಳೂ ಕಲಸುಮೇಲೋಗರ ಆಗುತ್ತವೆ.

ಪುಕ್ಕಟೆ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಕನ್ನಡ ನಿಘಂಟು ಹಾಕಿಕೊಂಡು ಎಫ್7 ಒತ್ತಿ. ‘ತೋಟದಲ್ಲಿದ್ದವರಿಗೂ’ ತರಹದ ಪ್ರತ್ಯಯ ಪೇರಿಸಿದ ರೂಪಗಳೆಲ್ಲ ಯಾವ ನಿಘಂಟಿನಲ್ಲೂ ಹಿಡಿಸುವುದಿಲ್ಲ, ಸರಿ ಪದಕ್ಕೂ ಕೆಂಪು ಗೆರೆ ಬೀಳುತ್ತದೆ. ‘ಹಾಸನ’ ಹೋಗಿ ‘ಆಸನ’ ಆದರೆ ಗೆರೆಯೇ ಇಲ್ಲ, ಎರಡೂ ಪದಗಳೇ ತಾನೆ! ಕ್ರಯಪತ್ರದಲ್ಲಿ ಇದು ಸಣ್ಣ ತಪ್ಪಲ್ಲ.

ಗೆರೆ ಇರಲಿ, ತಾನಾಗಿ ಬದಲಿಸುವುದು ಬೇಡ. ಮೊಬೈಲಿನ ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನ ಸೆಟ್ಟಿಂಗ್ಸಿನಲ್ಲಿ ಸ್ವಯಂ-ತಿದ್ದುಪಡಿ ಆಫ್ ಮಾಡಿ, ಸಲಹೆ ಮಾತ್ರ ಉಳಿಸಿ. ಸಕಲೇಶಪುರ, ಅರಕಲಗೂಡು, ಗಿರಾಕಿಗಳ ಮನೆತನದ ಹೆಸರುಗಳನ್ನು ವೈಯಕ್ತಿಕ ನಿಘಂಟಿಗೆ ಸೇರಿಸಿ. ಸರ್ವೆ ನಂಬರನ್ನು ಮಾತ್ರ ಮೂಲ ಪತ್ರ ಪಕ್ಕದಲ್ಲಿಟ್ಟು ಕಣ್ಣಲ್ಲೇ ಓದಬೇಕು.