ಕರುಣೆಯ ಪಾಠ ಚೆನ್ನಾಗಿದೆ, ಮುಂದಿನ ಆಯತ್ ಎಲ್ಲಿ?

ಕುರ್‌ಆನಿನಲ್ಲಿ ಬರುವ ದೇವರ ಕರುಣೆಯನ್ನು ಈ ಕಾಲದ ವ್ಯಾಖ್ಯಾನಕಾರರು ಹೇಗೆ ಓದಿದ್ದಾರೆ ಅಂತ ಹೇಳಿಕೊಡುವ ಒಂದು ಆಡಿಯೊ ಕೋರ್ಸ್ ತೆಗೆದುಕೊಂಡಿದ್ದೆ. ಬಟ್ಟೆ ಇಸ್ತ್ರಿ ಮಾಡುತ್ತಾ ಪೂರ್ತಿ ಕೇಳಿದೆ. ಐದಕ್ಕೆ ಮೂರೂವರೆ ಸ್ಟಾರ್.

ಆಜಾದ್ ಅವರ ಪಾಠ ಒಂದರಲ್ಲೇ ದುಡ್ಡು ವಸೂಲಾಯಿತು. ಮೌಲಾನಾ ಅಬುಲ್ ಕಲಾಂ ಆಜಾದ್ ಅಂದ್ರೆ ಭಾರತದ ಮೊದಲ ಶಿಕ್ಷಣ ಮಂತ್ರಿ ಅಂತಷ್ಟೇ ನಮಗೆ ನೆನಪು, ಅಲ್ವಾ? ಅವರು ತಮ್ಮ ಕುರ್‌ಆನ್ ಅನುವಾದ-ವ್ಯಾಖ್ಯಾನ ‘ತರ್ಜುಮಾನುಲ್ ಕುರ್‌ಆನ್’ನಲ್ಲಿ ಏಳೇ ಆಯತ್‌ಗಳ (ವಚನಗಳ) ಫಾತಿಹಾ ಸೂರಾಕ್ಕೆ, ಅಂದರೆ ಕುರ್‌ಆನಿನ ಮೊದಲ ಅಧ್ಯಾಯಕ್ಕೆ, ಉದ್ದನೆಯ ವ್ಯಾಖ್ಯಾನ ಬರೆದಿದ್ದಾರೆ. ಪಾಲನೆ, ಕರುಣೆ, ನ್ಯಾಯ ಮೂರನ್ನೂ ಒಂದೇ ದಾರದಲ್ಲಿ ಪೋಣಿಸುತ್ತಾರೆ. ಅವರ ಪ್ರಕಾರ ಶಿಕ್ಷೆ ಅಂದರೆ ಮುನಿದ ರಾಜ ಕೊಡುವ ಸಜೆಯಲ್ಲ. ವಿಷ ತಿಂದವನು ಸಾಯುವ ಹಾಗೆ, ಕೆಟ್ಟ ಕೆಲಸಕ್ಕೆ ಅದರದೇ ಫಲ. ಇಸ್ತ್ರಿ ಪೆಟ್ಟಿಗೆ ಆರಿಸಿ ಈ ಭಾಗವನ್ನು ಮತ್ತೆ ಕೇಳಿದೆ.

ಪಾಕಿಸ್ತಾನ ಮೂಲದ ವಿದ್ವಾಂಸ ಫಜ್ಲುರ್ ರಹಮಾನ್ ಬಗೆಗಿನ ಪಾಠ ಅವಸರದ್ದು. ಸೃಷ್ಟಿ, ಪೋಷಣೆ, ಮಾರ್ಗದರ್ಶನ, ಕೊನೆಗೆ ತೀರ್ಪು ಕೂಡ ಕರುಣೆಯದೇ ರೂಪ ಅನ್ನುವ ಅವರ ಮಾತು ಬಂದು ಹೋಗುತ್ತದೆ, ಅಷ್ಟೆ. ಜರ್ಮನಿಯ ಇಸ್ಲಾಂ ಧರ್ಮಶಾಸ್ತ್ರ ವಿದ್ವಾಂಸ ಮುಹನ್ನದ್ ಖೋರ್ಷಿದೆ ಬಗ್ಗೆ ಮಾತ್ರ ಜಾಸ್ತಿ ಸಮಯ. 2012ರಲ್ಲಿ ಅವರು ಇಸ್ಲಾಂ ಅಂದರೆ ಕರುಣೆ ಅಂತಲೇ ಪುಸ್ತಕ ಬರೆದಾಗ ಅಲ್ಲಿನ ಮುಸ್ಲಿಂ ಸಂಘಟನೆಗಳು ತಿರುಗಿಬಿದ್ದವು. ಈ ಜಗಳವನ್ನು ಕೋರ್ಸ್ ಮುಚ್ಚಿಟ್ಟಿಲ್ಲ, ಮೆಚ್ಚಬೇಕು.

ನನ್ನ ತಕರಾರು ಬೇರೆ. 39ನೇ ಸೂರಾದ 53ನೇ ಆಯತ್ ಇಲ್ಲಿ ಮತ್ತೆ ಮತ್ತೆ ಬರುತ್ತದೆ. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಅವನು ಪಾಪಗಳನ್ನೆಲ್ಲ ಕ್ಷಮಿಸುತ್ತಾನೆ ಅನ್ನುವ ಆಯತ್. ಹಿಂದೆ ಕೊಳಲು ಬೇರೆ! ಆದರೆ 54ನೇ ಆಯತ್ ಎಲ್ಲೂ ಇಲ್ಲ. ಶಿಕ್ಷೆ ಬರುವ ಮೊದಲೇ ನಿಮ್ಮ ಪ್ರಭುವಿನ ಕಡೆ ತಿರುಗಿ ಅಂತ ಅದು ಎಚ್ಚರಿಸುತ್ತದೆ. ಅದನ್ನು ಬಿಟ್ಟರೆ ಕರುಣೆ ಬರೀ ಸಮಾಧಾನದ ಮಾತಾಗುತ್ತದೆ. ಆಜಾದ್ ಕಷ್ಟಪಟ್ಟು ಜೋಡಿಸಿದ್ದನ್ನೇ ಇವರು ಬಿಚ್ಚಿಹಾಕಿದ ಹಾಗಾಯ್ತು.

ಕೋರ್ಸ್‌ನವರಿಗೆ ಬರೆದು ಕೇಳಿದ್ದಕ್ಕೆ, ‘ಹೊಸಬರಿಗೆ ಭಾರ ಆಗಬಾರದು ಅಂತ ಬಿಟ್ಟೆವು’ ಅಂತ ಉತ್ತರ ಬಂತು. ಹೊಸಬರು ಅಷ್ಟೊಂದು ಮೆತ್ತಗಿರ್ತಾರಾ?

ತೆಗೆದುಕೊಳ್ಳುವವರು ಒಂದು ಅನುವಾದ ಪಕ್ಕದಲ್ಲಿಟ್ಟುಕೊಂಡು, ಅವರು ಹೇಳಿದ ಆಯತ್‌ನ ಹಿಂದೆ ಮುಂದೆಯೂ ಓದಿ. ಜೊತೆಗೆ ಕೊಡುವ ಪಿಡಿಎಫ್ ನೋಟ್ಸ್ ಸುಮ್ನೆ ದಂಡ.